ಸೊಂಟದ ಹಗ್ಗಕ್ಕೊಂದು ಅಡ್ಜಸ್ಟರ್

ನನಗೆ ಸ್ವಲ್ಪ ಜಂಬ ಜಾಸ್ತಿ. ಇದನ್ನು ನೀವು ಬೇರೆಯವರ ಬಾಯಿಂದ ಕೇಳುವ ಮೊದಲು ನಾನೇ ಹೇಳಿಬಿಡುವುದು ಕ್ಷೇಮ. ಹಾಲಾಡಿ ಪೇಟೆಯಲ್ಲಿ ವಿಚಾರಿಸಿದರೆ ಇದೇ ಸಂಗತಿಗೆ ಉಪ್ಪುಖಾರ ಹಚ್ಚಿ ಹೇಳುವವರು ಬೇಕಾದಷ್ಟು ಜನ ಸಿಗುತ್ತಾರೆ. ನನ್ನನ್ನು ಕೇಳಿದರೆ, ಜಂಬವೆನ್ನುವುದು ಮನುಷ್ಯನ ಗುಣಕ್ಕಿಂತ ಹೆಚ್ಚಾಗಿ ಅವನು ಕೆಲಸ ಮಾಡುವ ಎತ್ತರಕ್ಕೆ ಸಂಬಂಧಪಟ್ಟ ವಿಷಯ. ಬಾವಿ ತೋಡುವವರನ್ನು ಗಮನಿಸಿ, ಎಷ್ಟು ವಿನಯ, ಎಷ್ಟು ಮೆಲುಮಾತು. ದಿನವಿಡೀ ಊರವರೆಲ್ಲ ಮೇಲಿನಿಂದ ಬಗ್ಗಿ ನೋಡುತ್ತಿದ್ದರೆ ಯಾರಾದರೂ ಹಾಗೇ ಆಗುತ್ತಾರೆ. ನನ್ನದು ಇದಕ್ಕೆ ತದ್ವಿರುದ್ಧ. ನಾನು ಮರ ಹತ್ತುವವನು. ಹೆಂಚಿನ ಮಾಡಿನ ಮೇಲೆ ವಾಲಿದ ಗೆಲ್ಲುಕೊಂಬೆ, ದನದ ಕೊಟ್ಟಿಗೆಗೆ ಒರಗಿದ ಒಣಮರ, ಬುಡದಿಂದ ಕಡಿದರೆ ನೆರೆಮನೆಯ ಮೇಲೆಯೇ ಬೀಳುವಂಥ ಮಾವು, ಇಂಥವನ್ನು ಹತ್ತಿ, ತುದಿಯಿಂದ ತುಂಡು ತುಂಡಾಗಿ ಕಡಿದು, ಹಗ್ಗದಲ್ಲಿ ಕಟ್ಟಿ ಇಳಿಸುವುದು ನನ್ನ ಉದ್ಯೋಗ. ಊರಿನ ದೊಡ್ಡ ಮನುಷ್ಯರೆಲ್ಲ ನನ್ನ ಹತ್ತಿರ ಮಾತಾಡುವಾಗ ಕತ್ತೆತ್ತಿ, ಬಾಯಿ ಕಳೆದು, ಕಣ್ಣಿಗೆ ಕೈ ಅಡ್ಡ ಹಿಡಿದುಕೊಂಡೇ ಮಾತಾಡಬೇಕು. ಇಪ್ಪತ್ತೈದು ವರ್ಷ ಹೀಗೆ ಕಳೆದ ಮೇಲೂ ಒಬ್ಬನಿಗೆ ಜಂಬ ಬರಲಿಲ್ಲವೆಂದರೆ ಅವನನ್ನು ಡಾಕ್ಟರಿಗೆ ತೋರಿಸುವುದು ಒಳ್ಳೆಯದು.

ಸಾಸ್ತಾನದಲ್ಲೊಂದು ಮಾವಿನ ಮರವಿದೆ. ಅದರ ತುದಿಗೆ ಹೋದರೆ ಹೆದ್ದಾರಿಯ ಟೋಲ್‌ಗೇಟಿನ ಮುಂದೆ ನಿಂತ ವಾಹನಗಳ ಸಾಲು ಪೂರ್ತಿ ಕಾಣುತ್ತದೆ. ಏಸಿ ಕಾರಿನೊಳಗೆ ಕುಳಿತು ಹಾರ್ನ್ ಹೊಡೆಯುವವರನ್ನು, ನಾನು ಗಾಳಿಗೆ ತೂಗುತ್ತ, ಕಿವಿಗೆ ಸಿಕ್ಕಿಸಿಕೊಂಡ ಎಲೆಯ ಸಮೇತ, ಒಂದು ಘಳಿಗೆ ನೋಡಿ ಆಮೇಲೆ ಕೆಲಸ ಶುರು ಮಾಡುತ್ತೇನೆ. ಶಂಕರನಾರಾಯಣದ ಕಡೆ ಹೋದರೆ ಇನ್ನೊಂದು ಥರದ ಸುಖ. ಅಲ್ಲಿ ಮನೆಯ ಹಿರಿಯರು ಕುರ್ಚಿ ಹಾಕಿಸಿಕೊಂಡು ಮರದ ಬುಡದಲ್ಲೇ ಕೂತು, ಆ ಗೆಲ್ಲು ಬೇಡ, ಅದರ ಮಿಡಿ ಉಪ್ಪಿನಕಾಯಿಗೆ ಒಳ್ಳೆಯದು, ಈ ಗೆಲ್ಲೂ ಬೇಡ, ಅದರಲ್ಲಿ ಗಿಳಿ ಕೂರುತ್ತದೆ, ಎಂದು ಒಂದೊಂದಕ್ಕೂ ಜಾಮೀನು ಕೊಡುತ್ತ ಹೋಗುತ್ತಾರೆ. ಹಾಗಾದರೆ ನನ್ನನ್ನು ಕರೆಸಿದ್ದು ಯಾತಕ್ಕೆ ಎಂದು ಕೇಳಿದರೆ, ಹತ್ತಿ ಒಮ್ಮೆ ನೋಡಿ ಬರಲಿ ಎಂದು, ಎನ್ನುತ್ತಾರೆ. ನನ್ನ ಅಪ್ಪಯ್ಯನೂ ಇದೇ ಊರುಗಳ ಮರ ಹತ್ತಿದವರು. ಅವರ ಕಾಲದಲ್ಲಿ ಎರಡೂ ಪಾದ ಸೇರಿಸಿ ಸಿಕ್ಕಿಸಿಕೊಳ್ಳುವ ಬಳ್ಳಿಯ ಬಳೆ, ಅಂದರೆ ತಳೆ, ಸೊಂಟಕ್ಕೊಂದು ಕತ್ತಿ, ಅಷ್ಟೇ. ನಾನು ಹಾಗಲ್ಲ. ಹತ್ತು ದಿನ ತರಬೇತಿ ಪಡೆದು, ಬೆಲ್ಟು, ಹೆಲ್ಮೆಟ್ಟು, ಕೊಂಡಿ, ಹಗ್ಗಗಳನ್ನೆಲ್ಲ ಕಟ್ಟಿಕೊಂಡು ಹತ್ತುವ ಸರ್ಟಿಫಿಕೇಟಿನವನು. ಆ ಸರ್ಟಿಫಿಕೇಟು ನಮ್ಮ ಚಾವಡಿಯಲ್ಲಿ ದೇವರ ಪಟಕ್ಕಿಂತ ಅರ್ಧ ಅಡಿ ಕೆಳಗಿದೆ. ಆ ಅರ್ಧ ಅಡಿಯೂ ನನ್ನ ಹೆಂಡತಿ ಜಲಜೆಯ ಒತ್ತಾಯದಿಂದ.

ಜಲಜೆ ಮನೆಯಲ್ಲಿ ನನ್ನ ಹೆಂಡತಿ, ಮರದ ಬುಡದಲ್ಲಿ ನನ್ನ ಪಾಲುದಾರಳು. ನಾನು ಮೇಲಿದ್ದರೆ ಅವಳು ಕೆಳಗೆ. ನನ್ನ ಬೆಲ್ಟಿನಿಂದ ಹೊರಟ ದೊಡ್ಡ ಹಗ್ಗ ಮೇಲಿನ ಗಟ್ಟಿ ಕವಲಿನ ಮೇಲೆ ಹಾದು ಕೆಳಗಿಳಿದು, ಪಕ್ಕದ ಯಾವುದಾದರೂ ಮರದ ಬುಡಕ್ಕೆ ಮೂರು ಸುತ್ತು ಸುತ್ತಿಕೊಂಡು ಅವಳ ಕೈಗೆ ಬರುತ್ತದೆ. ನಾನು ಹತ್ತಿದಷ್ಟೂ ಅವಳು ಎಳೆದುಕೊಳ್ಳುತ್ತ ಹೋಗಬೇಕು. ಅವಳ ಹಗ್ಗದಲ್ಲಿ ಸಡಿಲವೆಂದರೆ ಒಂದು ಗೇಣು, ಅದಕ್ಕಿಂತ ಹೆಚ್ಚು ಯಾವತ್ತೂ ಇಲ್ಲ. ಅವಳ ಜೊತೆಗಿನ ನನ್ನ ಎಲ್ಲ ಜಗಳಗಳೂ ಮೂವತ್ತಡಿ ಅಂತರದಲ್ಲಿ ನಡೆಯುವುದರಿಂದ ಅಕ್ಕಪಕ್ಕದ ನಾಲ್ಕು ಮನೆಗಳಿಗೂ ಸ್ಪಷ್ಟವಾಗಿ ಕೇಳಿಸುತ್ತವೆ ಎಂಬುದೊಂದೇ ಈ ಏರ್ಪಾಟಿನ ಕೊರತೆ.

ಇನ್ನು ಸೊಂಟದ ಹಗ್ಗದ ವಿಷಯ. ಅದು ಬೇರೆ ಹಗ್ಗ, ಗಿಡ್ಡದ್ದು. ಬೆಲ್ಟಿನ ಒಂದು ಬದಿಯಿಂದ ಹೊರಟು ಮರವನ್ನು ಬಳಸಿ ಇನ್ನೊಂದು ಬದಿಗೆ ಬಂದು ಸೇರುತ್ತದೆ. ಅದಕ್ಕೆ ಮೈಭಾರ ಕೊಟ್ಟು ಹಿಂದಕ್ಕೆ ಒರಗಿದರೆ ಎರಡು ಕೈಯೂ ಕೆಲಸಕ್ಕೆ ಬಿಡುವಾಗುತ್ತವೆ. ಮರ ಬುಡದಲ್ಲಿ ದಪ್ಪ, ತುದಿಯಲ್ಲಿ ಸಪೂರ. ಹಾಗಾಗಿ ಈ ಹಗ್ಗವನ್ನು ಗಳಿಗೆಗೊಮ್ಮೆ ಗಿಡ್ಡ ಮಾಡಬೇಕು, ಉದ್ದ ಮಾಡಬೇಕು. ಹಾಗೆ ಮಾಡಿಕೊಡುವ, ಅಂಗೈಯೊಳಗೆ ಅಡಗುವ ಸಾಮಾನಿಗೆ ಅಡ್ಜಸ್ಟರ್ ಎನ್ನುತ್ತಾರೆ. ನನ್ನಲ್ಲಿ ಆ ಸಾಮಾನು ಇರಲಿಲ್ಲ. ಸಪೂರ ದಾರವನ್ನು ದಪ್ಪ ಹಗ್ಗದ ಮೇಲೆ ಐದು ಸುತ್ತು ಸುತ್ತಿದ ಒಂದು ಗಂಟು ಇತ್ತು. ದೂಡಿದರೆ ಸರಿಯುತ್ತದೆ, ಭಾರ ಬಿದ್ದರೆ ಕಚ್ಚಿಕೊಳ್ಳುತ್ತದೆ. ಬಹಳ ಒಳ್ಳೆಯ ಗಂಟು. ಕಣ್ಣು ಮುಚ್ಚಿಕೊಂಡು ಹಾಕುತ್ತಿದ್ದೆ, ಮತ್ತು ಯಾರಾದರೂ ನೋಡುತ್ತಿದ್ದರೆ ನಿಜವಾಗಿಯೂ ಕಣ್ಣು ಮುಚ್ಚಿಕೊಂಡೇ ಹಾಕುತ್ತಿದ್ದೆ.

ಆ ಗಂಟು ನನ್ನ ಮರ್ಯಾದೆ ತೆಗೆದದ್ದು ಹಾಲಾಡಿಯ ಹತ್ತಿರದ ಒಂದು ಹಲಸಿನ ಮರದಲ್ಲಿ. ಹಲಸಿನ ಗೆಲ್ಲು ಕಡಿದರೆ ಮೇಣ ಸುರಿಯುತ್ತದೆಂದು ಈ ಕಡೆಯ ಮಕ್ಕಳಿಗೂ ಗೊತ್ತು. ಅವತ್ತು ಆ ಮೇಣ ನೇರ ನನ್ನ ಗಂಟಿನ ಮೇಲೆಯೇ ಸುರಿದು, ಗಂಟು ಹಗ್ಗಕ್ಕೆ ಅಂಟಿಕೊಂಡು, ಮೇಲೂ ಇಲ್ಲ ಕೆಳಗೂ ಇಲ್ಲ ಎನ್ನುವಂತಾಯಿತು. ಬಲಗೈಯಲ್ಲಿ ಗರಗಸ, ಎಡಗೈಯಲ್ಲಿ ಗಂಟು, ಮೈ ತುಂಬ ಕಚ್ಚುವ ಕೆಂಜಿಗ ಇರುವೆ. ಮರವನ್ನು ತಬ್ಬಿಕೊಂಡು ಅರ್ಧ ಗಂಟೆ ನಿಂತೆ. ಮನೆಯ ಯಜಮಾನರು ಕೆಳಗಿನಿಂದ, ಏನು ನೋಡುತ್ತಿದ್ದೀರಿ ಎಂದು ಕೇಳಿದರು. ಮರದ ಆರೋಗ್ಯ ನೋಡುತ್ತಿದ್ದೇನೆ ಎಂದೆ. ಅವರು ನಂಬಿದರು. ಅಡ್ಡಬೇರಿನ ಮೇಲೆ ಕಾಲಿಟ್ಟು ಹಗ್ಗ ಹಿಡಿದಿದ್ದ ಜಲಜೆ ನಂಬಲಿಲ್ಲ. ಕೊನೆಗೆ ಆ ದಾರವನ್ನೇ ಕೊಯ್ದು ಇಳಿದೆ. ಮನೆಗೆ ಬಂದು ಸೋಪು ಹಚ್ಚಿ ಕೈ ತೊಳೆಯುತ್ತಿರುವಾಗ ಅವಳು ಹೇಳಿದ್ದು ಇಷ್ಟೇ.

"ಇನ್ನ್ ಮೇಲೂ ಆ ಗಂಟೇ ಹಾಕಂಡ್ ಹತ್ತೂದಾರೆ, ಕೆಳ್ಗ್ ಹಗ್ಗ ಹಿಡೂಕೆ ಬೇರೆ ಯಾರನ್ನಾರೂ ಕಂಡ್ಕಣಿ. ನಾ ಬತ್ತಿಲ್ಲೆ."

ಇದು ಬೆದರಿಕೆ ಎಂದು ನಾನು ಮೊದಲು ಅಂದುಕೊಂಡೆ. ಬೆದರಿಕೆಯಾಗಿದ್ದರೆ ದನಿ ಏರುತ್ತಿತ್ತು. ಅವಳು ಒಲೆಯ ಮೇಲಿನ ಅನ್ನ ನೋಡುತ್ತ ಹೇಳಿದ್ದಳು. ಅವಳಿಲ್ಲದೆ ಮರ ಹತ್ತುವುದೆಂದರೆ ನನಗೆ ಏನೆಂದೇ ಗೊತ್ತಿಲ್ಲ. ಬೇರೆಯವರನ್ನು ಒಮ್ಮೆ ನಿಲ್ಲಿಸಿ ನೋಡಿದ್ದೆ. ನಾನು ತುದಿಯಲ್ಲಿರುವಾಗ ಆ ಪುಣ್ಯಾತ್ಮ ಹಗ್ಗವನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು ಫೋನಿನಲ್ಲಿ ಕ್ರಿಕೆಟ್ ನೋಡುತ್ತಿದ್ದ. ಜಲಜೆ ಬರುವುದಿಲ್ಲವೆಂದರೆ ನನ್ನ ಉದ್ಯೋಗವೇ ಇಲ್ಲ. ಇದು ನನಗೆ ಚೆನ್ನಾಗಿ ಗೊತ್ತಿತ್ತು, ಅವಳಿಗೆ ಗೊತ್ತಾಗಬಾರದೆಂದು ಎರಡು ದಿನ ಬೀಗಿಕೊಂಡು ತಿರುಗಾಡಿ, ಮೂರನೆಯ ದಿನ ಬ್ರಹ್ಮಾವರದ ಫ್ರೆಡ್ಡಿಗೆ ಫೋನ್ ಮಾಡಿದೆ.

ಫ್ರೆಡ್ಡಿ ನನ್ನ ಗೆಳೆಯ. ಕೊಲ್ಲಿ ದೇಶದಲ್ಲಿ ಮುಗಿಲೆತ್ತರದ ಕಟ್ಟಡಗಳಿಗೆ ಹಗ್ಗದಲ್ಲಿ ಜೋತುಬಿದ್ದು ಗಾಜು ಒರೆಸಿ ಬಂದವನು. ಈಗ ಊರಿನಲ್ಲಿ ಬೆಲ್ಟು, ಕೊಂಡಿಗಳ ವ್ಯಾಪಾರ. ಅಡ್ಜಸ್ಟರ್ ಬೇಕು ಎಂದದ್ದೇ ತಡ, ಒಂದು ಗಂಟೆ ಉಪನ್ಯಾಸ ಕೊಟ್ಟ. ಹಗ್ಗ ಎಷ್ಟು ದಪ್ಪವೋ ಅದಕ್ಕೇ ಹೇಳಿ ಮಾಡಿಸಿದ್ದು ಬೇಕಂತೆ. ಭಾರ ಬಿದ್ದಿರುವಾಗಲೂ ಸಡಿಲಿಸಲು ಬರುತ್ತದೋ ನೋಡಬೇಕಂತೆ. ಒಂದೇ ಕೈಯಲ್ಲಿ ಆಗುತ್ತದೋ ನೋಡಬೇಕಂತೆ. ನಾನು ಹೂಂ ಹೂಂ ಎನ್ನುತ್ತ ಕೇಳಿದೆ. ಆಮೇಲೆ ಒಂದು ವಾರ ಫೋನಿನಲ್ಲಿ ವೀಡಿಯೊ ನೋಡಿದೆ. ಅದರಲ್ಲಿ ಪರದೇಶದ ಬಿಳಿ ಜನ ಕಂಬದಂಥ ನೆಟ್ಟನೆ ಮರಗಳನ್ನು ಹತ್ತುತ್ತಿದ್ದರು. ಒಂದು ಮರದಲ್ಲೂ ಕೆಂಜಿಗ ಇಲ್ಲ, ಮೇಣ ಇಲ್ಲ, ಬುಡದಲ್ಲಿ ಕುರ್ಚಿ ಹಾಕಿ ಕೂತ ಹಿರಿಯರೂ ಇಲ್ಲ. ಅದೂ ಒಂದು ಮರ ಹತ್ತುವುದೇ ಎಂದು ನನಗೆ ಅನ್ನಿಸಿತು.

ಒಂದು ದಿನ ಫ್ರೆಡ್ಡಿ ಮೂರು ಅಡ್ಜಸ್ಟರುಗಳನ್ನು ತಂದು ನಮ್ಮ ಜಗಲಿಯ ಮೇಲೆ ಸಾಲಾಗಿ ಇಟ್ಟ. ಮನೆಯ ಹಿಂದಿನ ತೆಂಗಿನ ಮರಕ್ಕೆ ಸೊಂಟದ ಹಗ್ಗ ಸುತ್ತಿ, ನೆಲದಿಂದ ಎರಡೇ ಅಡಿ ಮೇಲೆ ಪರೀಕ್ಷೆ ಶುರುವಾಯಿತು. ಮೊದಲನೆಯದು ದೊಡ್ಡದು, ಗಾಂಭೀರ್ಯವಿರುವಂಥದ್ದು. ಇದು ನಿಮ್ಮ ಹಗ್ಗಕ್ಕಲ್ಲ ರಘುರಾಮಣ್ಣ, ಇದಕ್ಕೆ ಇನ್ನೂ ದಪ್ಪ ಹಗ್ಗ ಬೇಕು, ಸುಮ್ಮನೆ ತೋರಿಸಲು ತಂದೆ, ಎಂದು ಫ್ರೆಡ್ಡಿ ಹೇಳುತ್ತಲೇ ಇದ್ದ. ನನ್ನಂಥವನ ಕೈಗೆ ಬಂದರೆ ಎಲ್ಲ ಹಗ್ಗಕ್ಕೂ ಆಗುತ್ತದೆ ಎಂದು ಹಿಂದಕ್ಕೆ ಒರಗಿದೆ. ಕೆಳಗೆ ತೆಂಗಿನ ಸಿಪ್ಪೆಯ ರಾಶಿ ಇದ್ದದ್ದು ಒಳ್ಳೆಯದಾಯಿತು. ಎರಡನೆಯದು ಪುಟ್ಟದು, ನೀಲಿ ಬಣ್ಣದ್ದು, ಎಷ್ಟು ಚಂದವೆಂದರೆ ಜೇಬಿಗೆ ಹಾಕಿಕೊಂಡು ಮದುವೆಗೆ ಹೋಗಬಹುದು. ಹಗ್ಗ ಅದರೊಳಗೆ ಸರ್ರನೆ ಓಡುತ್ತಿತ್ತು, ಟಕ್ಕನೆ ನಿಲ್ಲುತ್ತಿತ್ತು. ಮೂರನೆಯದು ಬೂದು ಬಣ್ಣದ, ಒರಟು ಸಾಮಾನು. ಹೆಬ್ಬೆರಳು ಇಡಲು ಅಗಲವಾದ ಒಂದು ಹಿಡಿ. ನೋಡಿದರೆ ಹಳೆಯ ಬಾಗಿಲಿನ ಚಿಲಕದ ಹಾಗಿತ್ತು.

ಅಷ್ಟರಲ್ಲಿ ಜಲಜೆ ಬಾವಿಕಟ್ಟೆಯಲ್ಲಿ ಬಂಗುಡೆ ಹೆಚ್ಚುತ್ತಿದ್ದವಳು ಎದ್ದು ಬಂದಳು. ಕೈ ತೊಳೆಯಲಿಲ್ಲ. ನೀವು ಒರಗಿಕೊಂಡೇ ಇರಿ ಎಂದು ನನಗೆ ಹೇಳಿ, ಮುಖ ಆಚೆ ತಿರುಗಿಸಿ, ಮೀನಿನ ಲೋಳೆ ಹತ್ತಿದ ಎಡಗೈಯಿಂದ ನೀಲಿಯದನ್ನು ಒತ್ತಿದಳು. ಬೆರಳು ಜಾರಿತು. ಇನ್ನೊಮ್ಮೆ ಒತ್ತಿದಳು, ಬಿಡಲಿಲ್ಲ. ಬೂದು ಬಣ್ಣದ್ದನ್ನು ಹಾಕಿಸಿ ಒತ್ತಿದಳು. ನನ್ನ ಭಾರ ಇದ್ದ ಹಾಗೆಯೇ ಹಗ್ಗ ಮೆಲ್ಲಗೆ ಸಡಿಲವಾಯಿತು. ಇದೇ ಸಾಕು ಎಂದು ಹೇಳಿ ಮೀನಿನ ಹತ್ತಿರ ಹೋದಳು. ಫ್ರೆಡ್ಡಿ ಒಂದು ಗಂಟೆ ಹೇಳಿದ್ದನ್ನು ಅವಳು ಒಂದು ಮಾತೂ ಕೇಳಿರಲಿಲ್ಲ. ಅವನು ನನ್ನ ಮುಖ ನೋಡಿದ. ನಾನು ಅವನ ಮುಖ ನೋಡದೆ ನೀಲಿಯದನ್ನು ಎತ್ತಿಕೊಂಡೆ. ನ್ಯಾಯವಾಗಿ ಹೇಳಬೇಕೆಂದರೆ, ಅವಳು ನೀಲಿಯದೇ ಸಾಕು ಎಂದಿದ್ದರೆ ನಾನು ಆ ಚಿಲಕವನ್ನೇ ಹೊಗಳುತ್ತಿದ್ದೆನೋ ಏನೋ. ಮರ ಹತ್ತುವವನು ನಾನು, ಸರ್ಟಿಫಿಕೇಟಿನವನು. ಬಂಗುಡೆ ಹೆಚ್ಚಿದ ಕೈ ನನಗೆ ಸಾಮಾನು ಆರಿಸಿಕೊಡುವುದೆಂದರೇನು? ಭಾರ ಬಿದ್ದಾಗ ಬಿಡದಿದ್ದರೆ ಮೈಯನ್ನು ಸ್ವಲ್ಪ ಎತ್ತಿ ಬಿಡಿಸಿಕೊಳ್ಳುತ್ತೇನೆ ಎಂದೆ. ಗಂಟು ಬಿಟ್ಟೆನಲ್ಲ, ಅಷ್ಟು ಸಾಲದೇ ಎಂದೂ ಎಂದೆ.  ಫ್ರೆಡ್ಡಿ ಹೊರಡುವಾಗ ಜಲಜೆ ಗೇಟಿನ ತನಕ ಹೋಗಿ ಏನೋ ಮಾತಾಡಿದ್ದು ಮಾತ್ರ ಕಂಡಿತು.

ಮಳೆಗಾಲ ಹತ್ತಿರ ಬರುತ್ತಿತ್ತು. ಶಂಕರನಾರಾಯಣದ ಆಚೆಯ ಒಂದು ಅಂಗನವಾಡಿಯ ಮಾಡಿನ ಮೇಲೆ ಹಲಸಿನ ಮರದ ದೊಡ್ಡ ಗೆಲ್ಲೊಂದು ಬಾಗಿತ್ತು. ಗಾಳಿಗೆ ಅದು ಬಿದ್ದರೆ ಒಳಗೆ ಮಕ್ಕಳು. ಭಾನುವಾರ, ಮಕ್ಕಳಿಲ್ಲದ ದಿನ, ತೆಗೆದುಕೊಡುತ್ತೇನೆಂದು ಒಪ್ಪಿದ್ದೆ. ಮತ್ತೆ ಹಲಸು, ಮತ್ತೆ ಮೇಣ. ಹೊಸ ನೀಲಿ ಅಡ್ಜಸ್ಟರಿಗೆ ಮೇಣ ಹಿಡಿದರೆ ಹಾಲಾಡಿಯ ಕಥೆಯೇ ಮತ್ತೆ. ಇದಕ್ಕೇನು ಮದ್ದು ಎಂದು ನಾನು ಯೋಚಿಸಬೇಕಾಗಿಯೇ ಇರಲಿಲ್ಲ. ನಮ್ಮ ಕಡೆ ಹಲಸಿನ ಹಣ್ಣು ಕೊಯ್ಯುವ ಮೊದಲು ಕೈಗೂ ಕತ್ತಿಗೂ ತೆಂಗಿನೆಣ್ಣೆ ಹಚ್ಚುತ್ತೇವೆ. ಹಚ್ಚದವನನ್ನು ಬೇರೆ ಜಿಲ್ಲೆಯವನು ಎನ್ನುತ್ತೇವೆ. ಭಾನುವಾರ ಬೆಳಿಗ್ಗೆ ಜಲಜೆ ಸ್ನಾನಕ್ಕೆ ಹೋದಾಗ ಅಡಿಗೆಮನೆಯಿಂದ ಎಣ್ಣೆ ತಂದು, ಅಡ್ಜಸ್ಟರಿನ ಒಳಗೂ ಹೊರಗೂ ಹಚ್ಚಿ, ಮೇಣ ಹಗ್ಗಕ್ಕೂ ತಾಗುತ್ತದಲ್ಲ ಎಂದು ಸೊಂಟದ ಹಗ್ಗಕ್ಕೂ ನೀವಿ ನೀವಿ ಕುಡಿಸಿದೆ. ಪರದೇಶದವರ ಒಂದು ವೀಡಿಯೊದಲ್ಲೂ ಈ ಉಪಾಯ ಇರಲಿಲ್ಲ. ಆ ಬೆಳಿಗ್ಗೆ ನನಗಿದ್ದ ಹೆಮ್ಮೆಯನ್ನು ಹೇಳಲು ಮಾತಿಲ್ಲ.

ಅಂಗನವಾಡಿಯ ಟೀಚರು ಬೀಗದ ಕೈ ಹಿಡಿದುಕೊಂಡು ಬಂದಿದ್ದರು, ಅಕ್ಕಪಕ್ಕದ ಹತ್ತು ಹನ್ನೆರಡು ಜನವೂ ಬಂದಿದ್ದರು. ಜನ ಇದ್ದರೆ ನಾನು ಚೆನ್ನಾಗಿ ಹತ್ತುತ್ತೇನೆ. ಜಲಜೆ ಗೇರು ಮರದ ಬುಡಕ್ಕೆ ಮೂರು ಸುತ್ತು ಹಾಕಿ ದೊಡ್ಡ ಹಗ್ಗ ಹಿಡಿದು ನಿಂತಳು. ಮೇಲಿನ ಕವಲಿಗೆ ಬಂದೆ. ಸೊಂಟದ ಹಗ್ಗವನ್ನು ಮರಕ್ಕೆ ಬಳಸಿ, ನೀಲಿಯದನ್ನು ಬಿಗಿ ಮಾಡಿದೆ. ಗರಗಸ ತೆಗೆದೆ. ಕೆಳಗೆ ಒಮ್ಮೆ ನೋಡಿ, ಎಲ್ಲರೂ ನೋಡುತ್ತಿದ್ದಾರೆಂದು ಖಾತ್ರಿ ಮಾಡಿಕೊಂಡು, ಆರಾಮಕುರ್ಚಿಗೆ ಒರಗುವ ಹಾಗೆ ಹಿಂದಕ್ಕೆ ಒರಗಿದೆ.

ಹಗ್ಗ ನಿಲ್ಲಲಿಲ್ಲ. ಸದ್ದಿಲ್ಲದೆ ಜಾರಿತು. ಕಾಲು ತಪ್ಪಿತು, ಗರಗಸ ಕೈಜಾರಿ ಅಂಗಳಕ್ಕೆ ಬಿತ್ತು, ಆಕಾಶ ಕಾಲ ಕೆಳಗೆ ಬಂತು. ಸತ್ತೆ ಎಂದೇ ಅಂದುಕೊಂಡೆ. ಎರಡು ಮೊಳ ಇಳಿದಿರಬಹುದು, ದೊಡ್ಡ ಹಗ್ಗ ಧಡಕ್ಕನೆ ಬಿಗಿದು ನನ್ನನ್ನು ಹಿಡಿದುಕೊಂಡಿತು. ಅಂಗನವಾಡಿಯ ಹೆಂಚಿನ ಮೇಲೆ ನಾನು ಮೆಲ್ಲಗೆ ಆಚೆ ಈಚೆ ತೂಗುತ್ತಿದ್ದೆ.   ಜಲಜೆ ಎರಡೂ ಕೈಯಲ್ಲಿ ಹಗ್ಗ ಹಿಡಿದು, ಕಾಲನ್ನು ಗೇರು ಮರದ ಬೇರಿಗೆ ಒತ್ತಿ, ನನ್ನನ್ನೇ ನೋಡುತ್ತ ನಿಂತಿದ್ದಳು. ಅವಳ ಮುಖದ ಬಣ್ಣ ಹೋಗಿತ್ತು. ಆಮೇಲೆ ಅವಳ ಮೂಗು ಒಂದು ಸಲ ಅರಳಿತು. ನಾನು ಈಚೆ ತೂಗಿದಾಗ ಸೊಂಟದ ಹಗ್ಗದಿಂದ ಒಂದು ಹನಿ ಅವಳ ಹತ್ತಿರವೇ ಬಿದ್ದಿತ್ತು.

"ಎಣ್ಣಿ ಹಾಕಿದ್ರ್ಯಾ?" ಎಂದು ಕೇಳಿದಳು.

ಹತ್ತು ಹನ್ನೆರಡು ಜನರ ಎದುರಿಗೆ ಹೌದೆನ್ನಲು ಬಾಯಿ ಬರಲಿಲ್ಲ.  ಹೇಳುವ ತನಕ ಅವಳು ಇಳಿಸುವ ಹಾಗೆ ಕಾಣಲಿಲ್ಲ.

"ಒಂಚೂರ್," ಎಂದೆ.

"ಒಂಚೂರ್ ಅಂದ್ರೆ ಎಷ್ಟ್?"

"ಒಂದ್ ಕುಡ್ತೆ."

ಕುಡ್ತೆಯೆಂದರೆ ನಾವು ಅಕ್ಕಿ ಅಳೆಯುವ ಅಳತೆ, ಒಂದು ದೊಡ್ಡ ಲೋಟದಷ್ಟು. ಅಷ್ಟು ಎಣ್ಣೆಯಲ್ಲಿ ನಮ್ಮ ಮನೆಯ ಒಂದು ವಾರದ ಒಗ್ಗರಣೆ ನಡೆಯುತ್ತದೆ. ಜಲಜೆ ನನ್ನನ್ನು ನೆಲಕ್ಕೆ ಇಳಿಸಿದಳು. ಟೀಚರು ಗಾಬರಿಯಿಂದ ಏನಾಯಿತು ಎಂದು ಕೇಳಿದರು. ನಾನು ಬಾಯಿ ತೆರೆಯುವ ಮೊದಲೇ ಅವಳು, "ಎಂತ ಇಲ್ಲೆ, ಹೊಸ ಸಾಮಾನ್ ಅಲ್ದಾ, ದೊಡ್ಡ ಹಗ್ಗ ಗಟ್ಟಿ ಇತ್ತಾ ಅಂದೇಳಿ ನೇತಾಡಿ ಕಂಡದ್ದ್," ಎಂದಳು. ಆಮೇಲೆ ತನ್ನ ಚೀಲದಿಂದ ಒಂದು ಹೊಸ ಸೊಂಟದ ಹಗ್ಗ, ಅದಕ್ಕೆ ಮೊದಲೇ ಸಿಕ್ಕಿಸಿದ್ದ ಆ ಬೂದು ಬಣ್ಣದ ಚಿಲಕ, ಎರಡನ್ನೂ ತೆಗೆದು ನನ್ನ ಕೈಗಿಟ್ಟಳು. ಗೇಟಿನ ಹತ್ತಿರ ಫ್ರೆಡ್ಡಿಯೊಡನೆ ಆಗಿದ್ದ ಮಾತು ಅದು. ಒಂದು ಲೋಟ ನೀರು ಕುಡಿದು ಮತ್ತೆ ಹತ್ತಿದೆ.  ಆ ಗೆಲ್ಲನ್ನು ಹದಿನಾಲ್ಕು ತುಂಡು ಮಾಡಿ, ಒಂದೊಂದನ್ನೂ ಕಟ್ಟಿ ಇಳಿಸಿದೆವು. ಮೇಣ ಸುರಿಯಿತು, ಚಿಲಕಕ್ಕೂ ತಾಗಿತು, ಎಡಗೈಯ ಹೆಬ್ಬೆರಳಿಂದ ಒತ್ತಿದಾಗಲೆಲ್ಲ ಅದು ಬಿಟ್ಟಿತು. ಒಂದು ಹೆಂಚು ಒಡೆಯಲಿಲ್ಲ, ಒಂದು ಹೆಂಚು ಅಲುಗಲೂ ಇಲ್ಲ. ಈ ಮಾತನ್ನು ನಾನು ಜಂಬದಿಂದಲೇ ಹೇಳುತ್ತೇನೆ. ಈಗ ಆ ಕಡೆಯಿಂದ ಹಾದುಹೋಗುವಾಗಲೆಲ್ಲ ವ್ಯಾನಿನ ವೇಗ ಕಡಿಮೆ ಮಾಡಿ ಆ ಮಾಡನ್ನು ಒಮ್ಮೆ ನೋಡುತ್ತೇನೆ.

ಅವತ್ತು ದಾರಿಯುದ್ದಕ್ಕೂ ಜಲಜೆ ಮಾತಾಡಲಿಲ್ಲ. ಮರುದಿನವೂ ಇಲ್ಲ. ಬೈದಿದ್ದರೆ ಚೆನ್ನಾಗಿತ್ತು. ಇನ್ನು ಅವಳು ಹಗ್ಗ ಹಿಡಿಯುವುದಿಲ್ಲ ಎಂದು ನನಗೆ ಹೆದರಿಕೆಯಾಯಿತು. ಮರದ ಮೇಲಿನಿಂದ ಬೀಳುವಾಗಿನ ಹೆದರಿಕೆಗಿಂತ ಇದು ದೊಡ್ಡದಿತ್ತು. ಮೂರನೆಯ ದಿನ ಬೈಂದೂರಿನಿಂದ ಯಾರೋ ಫೋನ್ ಮಾಡಿ, ಮನೆಯ ಮೇಲೆ ಧೂಪದ ಮರ ವಾಲಿದೆ, ಯಾವಾಗ ಬರುತ್ತೀರಿ ಎಂದು ಕೇಳಿದರು. ಮನೆಯಲ್ಲಿ ಕೇಳಿ ಹೇಳುತ್ತೇನೆ ಎಂದೆ. ಈ ಉದ್ಯೋಗಕ್ಕಿಳಿದ ಮೇಲೆ ನನ್ನ ಬಾಯಿಂದ ಈ ವಾಕ್ಯ ಬಂದದ್ದು ಅದೇ ಮೊದಲು. ಒಳಗೆ ತೆಂಗಿನಕಾಯಿ ತುರಿಯುವ ಸದ್ದು ನಿಂತಿತು. ಹೋಗುವ, ಆದರೆ ಸಾಮಾನು ಇನ್ನು ಮೇಲೆ ತಾನೇ ಆರಿಸುವುದು, ಬೆಳಿಗ್ಗೆ ಹೊರಡುವ ಮೊದಲು ತಾನೇ ನೋಡುವುದು ಎಂದು ಜಲಜೆ ಒಳಗಿನಿಂದಲೇ ಹೇಳಿದಳು. ನನ್ನ ಎದೆಯ ಮೇಲಿನ ಕಲ್ಲು ಇಳಿಯಿತು. ಕಲ್ಲು ಇಳಿದರೆ ನನಗೆ ಕೂಡಲೇ ಜಂಬ ಏರುತ್ತದೆ. ಆಯಿತು ಮಾರಾಯ್ತಿ, ಅಡ್ಜಸ್ಟರ್ ಆರಿಸಲು ನನಗೆ ಬರುವುದಿಲ್ಲವೆಂದೇ ಇಟ್ಟುಕೋ, ಕೆಳಗೆ ಹಗ್ಗ ಹಿಡಿಯುವವಳನ್ನು ಸರಿಯಾಗಿ ಆರಿಸಿದ್ದೇನಲ್ಲ, ಎಂದೆ.

ಅದರ ಹಿಂದೊಂದು ಕಥೆಯಿದೆ. ನಾನು ಅವಳನ್ನು ನೋಡಲು ಹೋದ ದಿನ ಅವರ ಮನೆಯಲ್ಲಿ ಎಳನೀರು ಕೀಳಲು ಬರಬೇಕಾದವನು ಬಂದಿರಲಿಲ್ಲ. ಬಂದ ನೆಂಟರಿಗೆ ಕೊಡಲು ಏನೂ ಇಲ್ಲವೆಂದು ಅವಳ ಅಣ್ಣ ಒದ್ದಾಡುತ್ತಿದ್ದರು. ನಾನೇ ಅಂಗಿ ಕಳಚಿಟ್ಟು, ಅವರ ಮನೆಯ ಹಳೆಯ ತಳೆ ಹಾಕಿಕೊಂಡು, ಕಣ್ಣು ಮುಚ್ಚಿ ತೆರೆಯುವುದರೊಳಗೆ ತೆಂಗಿನ ತುದಿಯಲ್ಲಿದ್ದೆ. ಆ ವೇಗ, ಆ ಧೈರ್ಯ ಕಂಡು ಹುಡುಗಿ ಒಪ್ಪಿದಳೆಂದು ಇಪ್ಪತ್ತನಾಲ್ಕು ವರ್ಷಗಳಿಂದ ನಾನು ಮದುವೆಮನೆಗಳಲ್ಲಿ, ಹಾಲಾಡಿಯ ಹೋಟೆಲಿನಲ್ಲಿ, ಫ್ರೆಡ್ಡಿಯ ಅಂಗಡಿಯಲ್ಲಿ ಹೇಳುತ್ತ ಬಂದಿದ್ದೇನೆ. ಜಲಜೆ ಒಂದು ದಿನವೂ ಅಲ್ಲವೆಂದಿರಲಿಲ್ಲ. ಬೈಂದೂರಿನ ಫೋನ್ ಬಂದ ಆ ದಿನ ಮಾತ್ರ ತೆಂಗಿನ ತುರಿಯ ತಟ್ಟೆ ಹಿಡಿದುಕೊಂಡು ಬಾಗಿಲಿಗೆ ಬಂದಳು.

"ಆರ್ಸಿದ್ದ್ ನೀವ್ ಅಂದೇಳಿ ಯಾರ್ ಹೇಳ್ದ್ರ್? ನೀವ್ ಎಷ್ಟ್ ಬೇಗ ಹತ್ತಿದ್ರಿ ಅಂದೇಳಿ ನಾ ಕಾಣ್ಲೇ ಇಲ್ಲೆ. ಹತ್ತೂಕ್ ಮುಂಚೆ ಬಗ್ಗಿ ಆ ತಳೆ ಎರಡ್ ಸಲ ಎಳ್ದ್ ಕಂಡ್ರಿ. ಈ ಜನಕ್ಕೆ ಹೆದ್ರಿಕೆ ಇತ್ತ್, ಬದುಕ್ತ್ರ್ ಅಂದೇಳಿ ಆಯ್ತ್. ಅದ್ಕೇ ಹೂಂ ಅಂದೆ."

ಅಷ್ಟು ಹೇಳಿ ತಟ್ಟೆಯ ಸಮೇತ ಒಳಗೆ ಹೋದಳು. ಬೈಂದೂರಿನ ಧೂಪದ ಮರದ ಬುಡದಲ್ಲಿ ನಾನು ಸೊಂಟದ ಹಗ್ಗವನ್ನು ಎರಡು ಸಲ ಎಳೆದು ನೋಡಿದೆ. ಅವಳು ನೋಡುತ್ತಿದ್ದಾಳೆಂದು ಖಾತ್ರಿಯಾದ ಮೇಲೆ ಮೂರನೆಯ ಸಲವೂ ಎಳೆದೆ.